ನಿಂಬೆಯ ರಸದಲ್ಲಿ ಮೀನು ಬೇಯುವುದೇ?

ಮೆಕ್ಸಿಕೊ ದೇಶದ ಪಶ್ಚಿಮ ತೀರದಲ್ಲಿ, ಸಿನಲೋವ ರಾಜ್ಯಕ್ಕೆ ಸೇರಿದ ಮಾಸಾತ್ಲಾನ್ ಎಂಬ ರೇವುಪಟ್ಟಣವುಂಟು. ಕರ್ಕಾಟಕ ಸಂಕ್ರಾಂತಿ ವೃತ್ತವು ಈ ಊರಿನಿಂದ ತುಸುವೇ ಉತ್ತರಕ್ಕೆ ಹಾದುಹೋಗುತ್ತದೆ. ಆದುದರಿಂದ ಅಲ್ಲಿಯ ಬಿಸಿಲೂ ಬೆವರೂ ನಮ್ಮ ಕರಾವಳಿಯವರಿಗೆ ಹೊಸವಾಗಿ ತೋರಲಾರವು. ಒಂದು ದಿನ ಮಧ್ಯಾಹ್ನ ನಾವು ಅಲ್ಲಿಯ ಒಂದು 'ಮರಿಸ್ಕೆರಿಯ'ದಲ್ಲಿ ಊಟಕ್ಕೆ ಕುಳಿತಿದ್ದೇವೆಂದು ಭಾವಿಸೋಣ. ಸಮುದ್ರದ ಮೀನು, ಸೀಗಡಿ, ಅಷ್ಟಪದಿ, ಚಿಪ್ಪಿನ ಪ್ರಾಣಿಗಳು ಮುಂತಾದುವನ್ನು ಬಡಿಸುವ, ಸಾಮಾನ್ಯ ಜನರಿಗೆ ಎಟುಕುವ ಭೋಜನಶಾಲೆಗೆ ಅಲ್ಲಿ ಈ ಹೆಸರು. ಮೇಜುವಸ್ತ್ರ, ಬೆಳ್ಳಿಯ ಚಮಚಗಳ ವೈಭವವೇನೂ ಇಲ್ಲಿಲ್ಲ. ಮೇಲೆ ತಾಳೆಗರಿಯ ಚಪ್ಪರ, ಕೆಳಗೆ ಪ್ಲಾಸ್ಟಿಕ್ಕಿನ ಕುರ್ಚಿ. ಮೇಜಿನ ಮೇಲೆ ಉಪ್ಪು, ನಾಲ್ಕಾರು ಬಗೆಯ ಖಾರದ ಸೀಸೆಗಳು, ಮತ್ತು ಹೋಳು ಮಾಡಿದ ನಿಂಬೆಹಣ್ಣುಗಳಿಂದ ತುಂಬಿದ ಬಟ್ಟಲು. ಈ ನಿಂಬೆಯ ಬಟ್ಟಲೇ ನಮ್ಮ ಇಂದಿನ ವಿಚಾರದ ಕೇಂದ್ರ.

ಬಡಿಸುವವನು ಎರಡು ಭಕ್ಷ್ಯಗಳನ್ನು ತಂದಿಡುತ್ತಾನೆ. ಒಂದು 'ಸೆವಿಚೆ'. ಸಿಯೆರ್ರ ಎಂಬ ಮೀನಿನ ಹಸಿ ಮಾಂಸವನ್ನು ಸಣ್ಣಗೆ ಕೊಚ್ಚಿ, ಅದು ಮುಳುಗುವಂತೆ ನಿಂಬೆಯ ರಸವನ್ನು ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಈರುಳ್ಳಿ, ತುರಿದ ಗಜ್ಜರಿ, ಸೌತೆಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಬೆರೆಸಿದ್ದು. ಅದನ್ನು ಮುಸುಕಿನ ಜೋಳದ ಗರಿಗರಿಯಾದ ತೆಳುರೊಟ್ಟಿಯ ಮೇಲೆ ರಾಶಿಮಾಡಿ ತಿನ್ನುವರು. ಈ ಸಿಯೆರ್ರ ಮೀನು ನಮ್ಮ ಅಂಜಲ್ ಮೀನಿನ ಕುಲಕ್ಕೇ ಸೇರಿದ್ದು. ಮಂಗಳೂರಿನ ಮೀನುಮಾರುಕಟ್ಟೆಯನ್ನು ಬಲ್ಲವರು ಅದರ ನೀಳವಾದ ಬೆಳ್ಳಿಯ ಮೈಯನ್ನು ನೋಡಿದೊಡನೆ ಸಂಬಂಧವನ್ನು ಗುರುತಿಸಿಯಾರು. ಎರಡನೆಯದು 'ಆಗ್ವಚಿಲೆ', ಎಂದರೆ ಮೆಣಸಿನಕಾಯಿಯ ನೀರು. ಇದು ಸಿನಲೋವದ ಹೆಮ್ಮೆಯ ತಿನಿಸು. ಸಿಪ್ಪೆ ತೆಗೆದು ಉದ್ದಕ್ಕೆ ಸೀಳಿದ ಹಸಿ ಸೀಗಡಿಯ ಮೇಲೆ, ನಿಂಬೆರಸದೊಂದಿಗೆ ಅರೆದ ಮೆಣಸಿನಕಾಯಿಯನ್ನು ಸುರಿದು, ಬಹುಮಟ್ಟಿಗೆ ಆಗಲೇ ತಂದುಕೊಡುವರು. ಹಲವರು ಇದಕ್ಕೆ ಚಿಲ್ತೆಪೀನ್ ಎಂಬ ಬಟಾಣಿಗಿಂತಲೂ ಚಿಕ್ಕದಾದ ಕಾಡುಮೆಣಸನ್ನು ಬಳಸುವರು. ಅದರ ಖಾರ ನಮ್ಮ ಮಲೆನಾಡಿನ ಸೂಜಿಮೆಣಸನ್ನು ನೆನಪಿಗೆ ತರುವಂಥದು.

ಎರಡೂ ತಟ್ಟೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಹಸಿಯ ಮೀನು ಗಾಜಿನಂತೆ ಅರೆಪಾರದರ್ಶಕವಾಗಿಯೂ ಮೆತ್ತಗಾಗಿಯೂ ಇರಬೇಕಷ್ಟೆ. ಆದರೆ ಇಲ್ಲಿ ಅದು ಬೆಂದ ಮೀನಿನಂತೆ ಬೆಳ್ಳಗಾಗಿ, ಗಟ್ಟಿಯಾಗಿದೆ. ಬೂದುಬಣ್ಣದ ಸೀಗಡಿಯ ಅಂಚುಗಳಲ್ಲಿ ನಸುಗೆಂಪು ಮೂಡುತ್ತಿದೆ. ಒಲೆಯ ಬಳಿಗೆ ಮಾತ್ರ ಇವು ಹೋಗಿಯೇ ಇಲ್ಲ. ಬಡಿಸುವವನನ್ನು ಕೇಳಿದರೆ, "ನಿಂಬೆಯೇ ಇದನ್ನು ಬೇಯಿಸಿದೆ" ಎನ್ನುತ್ತಾನೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆ ಹೇಳುವುದೇ ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಇದು ಬರಿಯ ಪದಗಳ ಚರ್ಚೆಯಲ್ಲ. ತಿನ್ನುವವನ ಆರೋಗ್ಯ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಉತ್ತರಕ್ಕೆ ತೊಡಗುವ ಮುನ್ನ ಆ ನಿಂಬೆಯ ವಿಷಯವಾಗಿ ಒಂದು ಮಾತು. ಮೆಕ್ಸಿಕೊದಲ್ಲಿ 'ಲಿಮೋನ್' ಎಂದು ಕರೆಯಲ್ಪಡುವ ಆ ಪುಟ್ಟ ಹುಳಿಹಣ್ಣು ಆ ನೆಲದ ಸಸ್ಯವೇ ಅಲ್ಲ. ಅದು ನಮ್ಮ ನಿಂಬೆಯೇ; ವಿಜಯಪುರ ಜಿಲ್ಲೆಯ ಇಂಡಿಯ ತೋಟಗಳಲ್ಲಿ ಬೆಳೆಯುವ ಹಣ್ಣೂ ಅದೂ ಒಂದೇ ಜಾತಿ. ಏಷ್ಯದಿಂದ ಅರಬ್ಬರ ಮೂಲಕ ಸ್ಪೇನಿಗೆ ಹೋಗಿ, ಅಲ್ಲಿಂದ ೧೬ನೆಯ ಶತಮಾನದಲ್ಲಿ ಸ್ಪೇನಿಗರ ಹಡಗುಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಹೆಸರೂ ಹಣ್ಣಿನೊಡನೆ ಪ್ರಯಾಣ ಮಾಡಿದೆ: ಪಾರಸಿ, ಅರಬ್ಬಿ ಭಾಷೆಗಳನ್ನು ಹಾದು ಬಂದ 'ಲಿಮೋನ್', ನಮ್ಮ ಉತ್ತರ ಕರ್ನಾಟಕದವರ 'ಲಿಂಬೆ'ಗೆ ಎಷ್ಟು ಹತ್ತಿರವಾಗಿ ಕೇಳಿಸುತ್ತದೆ! ಇದಕ್ಕೆ ಪ್ರತಿಯಾಗಿ ಮೆಕ್ಸಿಕೊ ನಮಗೆ ಕೊಟ್ಟದ್ದು ಮೆಣಸಿನಕಾಯಿ ಮತ್ತು ಮುಸುಕಿನ ಜೋಳ. ವ್ಯಾಪಾರದಲ್ಲಿ ನಾವು ಸೋತೆವೆಂದು ಹೇಳುವಂತಿಲ್ಲ.

ಈಗ ಮೀನಿನ ಮಾಂಸಕ್ಕೆ ಬರೋಣ. ನೀರನ್ನು ಬಿಟ್ಟರೆ ಅದರಲ್ಲಿ ಹೆಚ್ಚಾಗಿರುವುದು ಸಸಾರಜನಕ, ಅಥವಾ ಪ್ರೋಟೀನು. ಪ್ರೋಟೀನಿನ ಒಂದೊಂದು ಅಣುವೂ ಅಮೈನೊ ಆಮ್ಲಗಳೆಂಬ ನೂರಾರು ಸಣ್ಣ ಘಟಕಗಳು ಒಂದಕ್ಕೊಂದು ಜೋಡಿಕೊಂಡು ಆದ ಉದ್ದನೆಯ ಸರಪಣಿ. ಈ ಸರಪಣಿಯು ನೇರವಾಗಿ ಚಾಚಿಕೊಂಡಿರುವುದಿಲ್ಲ. ಒಂದು ನಿಯತವಾದ ರೀತಿಯಲ್ಲಿ ಸುತ್ತಿ, ಮಡಿಚಿ, ನೂಲಿನ ಉಂಡೆಯ ಹಾಗೆ ಅಡಕವಾಗಿರುತ್ತದೆ. ಈ ಮಡಿಕೆಗಳನ್ನು ಬಿಚ್ಚಿಹೋಗದಂತೆ ಹಿಡಿದಿಟ್ಟಿರುವುದು ಬಲಿಷ್ಠವಾದ ರಾಸಾಯನಿಕ ಬಂಧಗಳಿಗಿಂತ ಹೆಚ್ಚಾಗಿ, ಅತಿ ದುರ್ಬಲವಾದ ಸಾವಿರಾರು ಆಕರ್ಷಣೆಗಳು. ಧನ ವಿದ್ಯುದಂಶವುಳ್ಳ ಒಂದು ಘಟಕವು ಋಣ ವಿದ್ಯುದಂಶವುಳ್ಳ ಇನ್ನೊಂದನ್ನು ಸೆಳೆಯುವುದು ಅವುಗಳಲ್ಲಿ ಒಂದು ಬಗೆ.

ಕಾಯಿಸಿದಾಗ ಏನಾಗುತ್ತದೆ? ಉಷ್ಣವೆಂದರೆ ಅಣುಗಳ ಚಲನೆಯೇ ಹೊರತು ಬೇರೇನೂ ಅಲ್ಲ. ಉಷ್ಣತೆ ಏರಿದಂತೆ ಸರಪಣಿಯ ಕುಲುಕಾಟ ಹೆಚ್ಚಿ, ದುರ್ಬಲವಾದ ಹಿಡಿತಗಳು ಒಂದೊಂದಾಗಿ ಸಡಿಲಗೊಂಡು, ಉಂಡೆ ಬಿಚ್ಚಿಕೊಳ್ಳುತ್ತದೆ. ಮೀನಿನ ಸ್ನಾಯುವಿನಲ್ಲಿ ಮುಖ್ಯವಾದ ಮಯೊಸಿನ್ ಎಂಬ ಪ್ರೋಟೀನು ೪೦° ಸೆಂಟಿಗ್ರೇಡಿನ ಸುಮಾರಿಗೇ ಬಿಚ್ಚತೊಡಗುತ್ತದೆ. ಮೀನು ಕೋಳಿಯ ಮಾಂಸಕ್ಕಿಂತ ಬಹುಬೇಗ ಬೇಯುವುದಕ್ಕೆ ಇದೂ ಒಂದು ಕಾರಣ. ಬಿಚ್ಚಿಕೊಂಡ ಸರಪಣಿಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಂತಾಗುತ್ತವೆ. ಈ ಬಲೆಯು ತನ್ನ ಮೂಲಕ ಹಾಯುವ ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಮಾಂಸ ಬೆಳ್ಳಗೆ ಕಾಣುತ್ತದೆ. ಒಳಗಿನ ನೀರು ಹಿಂಡಿ ಹೊರಬರುವುದರಿಂದ ಗಟ್ಟಿಯಾಗುತ್ತದೆ. ಮೊಟ್ಟೆಯ ಬಿಳಿಯು ಕಾದ ಬಾಣಲೆಯಲ್ಲಿ ನಿಜವಾಗಿ 'ಬಿಳಿ'ಯಾಗುವುದೂ ಹೀಗೆಯೇ. ವಿಜ್ಞಾನಿಗಳು ಇದಕ್ಕೆ ಡೀನೇಚರೇಷನ್ ಎನ್ನುವರು. ನಾವು ಸ್ವರೂಪಭಂಗವೆಂದು ಕರೆಯೋಣ. ಇಲ್ಲಿ ಸರಪಣಿ ತುಂಡಾಗುವುದಿಲ್ಲ, ಅದರ ಮಡಿಕೆ ಮಾತ್ರ ಬಿಚ್ಚುತ್ತದೆ ಎಂಬ ವಿವರಣೆಯನ್ನು ಸ್ಪಷ್ಟವಾಗಿ ಮುಂದಿಟ್ಟವನು ಚೀನದ ಜೀವರಸಾಯನ ಶಾಸ್ತ್ರಜ್ಞ ವು ಶಿಯೆನ್, ಕಾಲ ೧೯೩೧. ಐದು ವರ್ಷಗಳ ಬಳಿಕ ಅಮೆರಿಕದ ಮಿರ್ಸ್ಕಿ ಮತ್ತು ಪೌಲಿಂಗ್ ಇದೇ ಅಭಿಪ್ರಾಯವನ್ನು ಮಂಡಿಸಿದರು. ಹೆಚ್ಚಿನ ಕೀರ್ತಿ ಅವರಿಗೆ ಸಂದಿತು.

ಉಂಡೆಯನ್ನು ಬಿಚ್ಚಲು ಬೆಂಕಿಯೊಂದೇ ಉಪಾಯವಲ್ಲ. ನಿಂಬೆಯ ರಸದಲ್ಲಿರುವುದು ಸಿಟ್ರಿಕ್ ಆಮ್ಲ. ಸ್ವೀಡನ್ನಿನ ಷೀಲೆ ಅದನ್ನು ೧೭೮೪ರಲ್ಲಿ ನಿಂಬೆಯ ಜಾತಿಯ ಹಣ್ಣಿನ ರಸದಿಂದ ಹರಳುರೂಪದಲ್ಲಿ ಬೇರ್ಪಡಿಸಿದನು. ಹುಳಿಯ ಪ್ರಮಾಣವನ್ನು ಪಿ-ಎಚ್ ಎಂಬ ಮಾನದಿಂದ ಅಳೆಯುತ್ತಾರೆಂದು ರಸಾಯನ ಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು: ೭ ಎಂದರೆ ಹುಳಿಯೂ ಕ್ಷಾರವೂ ಅಲ್ಲದ ನೀರು, ಅದರಿಂದ ಒಂದೊಂದು ಮೆಟ್ಟಿಲು ಇಳಿದಾಗಲೂ ಹುಳಿ ಹತ್ತು ಮಡಿ ಏರುತ್ತದೆ. ಹೊಸ ಮೀನಿನ ಮಾಂಸ ಹೆಚ್ಚು ಕಡಮೆ ಆರೂವರೆಯಿಂದ ಏಳರೊಳಗೆ ಇದ್ದರೆ, ನಿಂಬೆಯ ರಸ ಎರಡು, ಎರಡೂವರೆಯ ಸುಮಾರಿನಲ್ಲಿದೆ. ಅಂತರ ನಾಲ್ಕು ಮೆಟ್ಟಿಲು, ಅಂದರೆ ಹತ್ತು ಸಾವಿರ ಮಡಿ! ಹುಳಿಯಲ್ಲಿ ಧಾರಾಳವಾಗಿರುವ ಜಲಜನಕದ ಧನ ಅಯಾನುಗಳು ಪ್ರೋಟೀನಿನ ಋಣ ಘಟಕಗಳನ್ನು ಹುಡುಕಿ ಸೇರಿಕೊಂಡು ಅವುಗಳ ವಿದ್ಯುದಂಶವನ್ನು ಅಳಿಸಿಬಿಡುತ್ತವೆ. ಆಗ ಪರಸ್ಪರ ಸೆಳೆತದಿಂದ ನಿಂತಿದ್ದ ಮಡಿಕೆಗಳಿಗೆ ಆಧಾರ ತಪ್ಪುತ್ತದೆ, ಉಳಿದ ಧನ ಘಟಕಗಳು ಒಂದನ್ನೊಂದು ದೂಡುತ್ತವೆ, ಉಂಡೆ ಬಿಚ್ಚುತ್ತದೆ. ಮುಂದಿನದೆಲ್ಲ ಮೊದಲಿನಂತೆಯೇ: ತೊಡರು, ಬಲೆ, ಬಿಳಿಬಣ್ಣ, ಗಟ್ಟಿತನ.

ಹಾಲಿಗೆ ನಿಂಬೆರಸ ಹಿಂಡಿದಾಗ ಅದು ಒಡೆಯುವುದನ್ನು ನೋಡದವರಿಲ್ಲ. ಅಲ್ಲಿಯೂ ವಿದ್ಯುದಂಶ ಅಳಿದ ಪ್ರೋಟೀನು ಕಣಗಳು ಒಟ್ಟುಗೂಡಿ ಗರಣೆ ಕಟ್ಟುವುದೇ ಮುಖ್ಯ ಸಂಗತಿ. ಹಾಲಿನ ಕೇಸೀನು ಮೊದಲೇ ಅಷ್ಟು ಬಿಗಿಯಾಗಿ ಸುತ್ತಿಕೊಂಡದ್ದಲ್ಲವಾದ ಕಾರಣ ಹೋಲಿಕೆ ಪೂರ್ಣವಲ್ಲ. ಆದರೂ ಮೀನು ಮುಟ್ಟದ ವಾಚಕರಿಗೆ ವಿಷಯವನ್ನು ಗ್ರಹಿಸಲು ಇದು ಸಾಕು. ಸೀಗಡಿಯ ಕೆಂಪಿಗೂ ಇದೇ ವಿವರಣೆ. ಅದರಲ್ಲಿ ಅಸ್ಟಜ್ಯಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಯಾವಾಗಲೂ ಇರುತ್ತದೆ. ಜೀವಂತ ಸೀಗಡಿಯಲ್ಲಿ ಅದು ಒಂದು ಪ್ರೋಟೀನಿನ ಹಿಡಿತದಲ್ಲಿದ್ದು ನೀಲಿ ಬೂದಾಗಿ ಕಾಣುತ್ತದೆ. ಹಿಡಿದಿದ್ದ ಪ್ರೋಟೀನಿಗೆ ಸ್ವರೂಪಭಂಗವಾದಾಗ ಸೆರೆಯಿಂದ ಬಿಟ್ಟಂತೆ ಕೆಂಪು ಹೊರಬೀಳುತ್ತದೆ.

ಇಷ್ಟನ್ನು ನೋಡಿದರೆ ಬಡಿಸುವವನ ಮಾತು ಮುಕ್ಕಾಲು ಪಾಲು ನಿಜವೆಂದೇ ಒಪ್ಪಬೇಕು. ರುಚಿಯಲ್ಲಿಯೂ ನಾರಿನ ಹದದಲ್ಲಿಯೂ ವ್ಯತ್ಯಾಸವಿದೆಯೆಂಬುದು ಬೇರೆ ಮಾತು. ಹುರಿದ ಮೀನಿನ ಘಮಘಮ ನಿಂಬೆಯಿಂದ ಹುಟ್ಟಲಾರದು. ಉಳಿದ ಕಾಲು ಪಾಲಿನಲ್ಲಿಯೇ ಅಪಾಯವೆಲ್ಲ ಅಡಗಿರುವುದು.

ಬೆಂಕಿಯು ಒಂದೇ ಕಾಲದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಮಾಂಸದ ಸ್ವರೂಪವನ್ನು ಬದಲಿಸುವುದು ಒಂದು. ಮಾಂಸದೊಳಗಿನ ರೋಗಾಣುಗಳನ್ನೂ ಕ್ರಿಮಿಗಳನ್ನೂ ಕೊಲ್ಲುವುದು ಇನ್ನೊಂದು. ಮೀನಿನ ನಡುಭಾಗ ೬೩° ಸೆಂಟಿಗ್ರೇಡು ತಲಪಿತೆಂದರೆ ಎರಡನೆಯ ಕೆಲಸವೂ ಬಹುಮಟ್ಟಿಗೆ ಮುಗಿದಂತೆ. ಇವೆರಡೂ ಯಾವಾಗಲೂ ಜೊತೆಯಾಗಿ ನಡೆಯುತ್ತ ಬಂದುದರಿಂದ, ಬಣ್ಣ ಬದಲಾಯಿತೆಂದರೆ ತಿನ್ನಲು ಭಯವಿಲ್ಲ ಎಂಬ ನಂಟನ್ನು ನಮ್ಮ ಕಣ್ಣು ಸಾವಿರಾರು ವರ್ಷಗಳಿಂದ ಕಲಿತಿದೆ. ನಿಂಬೆಯು ಈ ನಂಟನ್ನು ಕಡಿದುಹಾಕುತ್ತದೆ. ಮೊದಲ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡಿ, ಎರಡನೆಯದನ್ನು ಅರ್ಧಕ್ಕೆ ಬಿಡುತ್ತದೆ. ಕಣ್ಣಿಗೆ ಮಾತ್ರ ಎರಡೂ ಮುಗಿದಂತೆ ತೋರುತ್ತದೆ.

ಅರ್ಧಕ್ಕೆ ಬಿಡುವುದೇಕೆ? ಮೊದಲನೆಯ ಕಾರಣ, ಹುಳಿಯು ಒಳಕ್ಕೆ ಇಳಿಯುವ ನಿಧಾನ. ಅಣುಗಳು ಅಡ್ಡಾದಿಡ್ಡಿಯಾಗಿ ಅಲೆಯುತ್ತ ಒಂದೆಡೆಯಿಂದ ಇನ್ನೊಂದೆಡೆಗೆ ಹರಡುವುದಕ್ಕೆ ವಿಸರಣವೆಂದು ಹೆಸರು. ಫಿಕ್ ಎಂಬ ಜರ್ಮನ್ ವಿಜ್ಞಾನಿ ೧೮೫೫ರಲ್ಲಿ ಇದರ ನಿಯಮವನ್ನು ಕೊಟ್ಟನು. ಆ ನಿಯಮದಿಂದ ಹೊರಡುವ ಒಂದು ಫಲವನ್ನು ಅಡುಗೆಯವರೂ ನೆನಪಿಡತಕ್ಕದ್ದು: ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಹುಳಿಯು ಎರಡು ಮಿಲಿಮೀಟರು ಇಳಿಯಲು ಹದಿನೈದು ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. ನಾಲ್ಕು ಮಿಲಿಮೀಟರಿಗೆ ಬೇಕಾದದ್ದು ಅರ್ಧ ಗಂಟೆಯಲ್ಲ, ಒಂದು ಗಂಟೆ. ಎಂಟು ಮಿಲಿಮೀಟರಿಗೆ ನಾಲ್ಕು ಗಂಟೆ. ಸಾಲದುದಕ್ಕೆ ಮಾಂಸವು ತಾನೇ ಹುಳಿಯನ್ನು ಹೀರಿ ತಗ್ಗಿಸುತ್ತದೆ. ಶಾಖವೂ ಹೀಗೆಯೇ ನಿಧಾನವಾಗಿ ಹರಡುವುದಾದರೂ ಅದರ ವೇಗ ಹುಳಿಯ ವೇಗಕ್ಕಿಂತ ಎಷ್ಟೋ ಮಡಿ ಹೆಚ್ಚು. ಸಿನಲೋವದವರು ಸೆವಿಚೆಗೆ ಮೀನನ್ನು ಕೊಚ್ಚುವುದರಲ್ಲಿಯೂ ಸೀಗಡಿಯನ್ನು ಸೀಳುವುದರಲ್ಲಿಯೂ ಅನುಭವದಿಂದ ಕಲಿತ ಜಾಣತನವಿದೆ ಎಂಬುದು ಈಗ ತಿಳಿಯುತ್ತದೆ.

ಮೀನು ತಿನ್ನುವ ಮನೆಯ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಬೆಂಕಿಪೆಟ್ಟಿಗೆಯಷ್ಟು ದಪ್ಪದ, ಒಂದೇ ಅಳತೆಯ ಮೂರು ಮೀನಿನ ತುಂಡುಗಳನ್ನು ನಿಂಬೆರಸದಲ್ಲಿ ಮುಳುಗಿಸಿ, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ಹದಿನೈದು ನಿಮಿಷ, ಒಂದು ಗಂಟೆ, ನಾಲ್ಕು ಗಂಟೆಗಳ ಬಳಿಕ ಒಂದೊಂದನ್ನೇ ತೆಗೆದು ಅಡ್ಡಲಾಗಿ ಕೊಯ್ಯಬೇಕು. ಅಂಚಿನ ಬಿಳಿಯ ಪಟ್ಟಿಯನ್ನೂ ನಡುವಿನ ಗಾಜಿನಂಥ ಹಸಿಭಾಗವನ್ನೂ ಅಳತೆಪಟ್ಟಿಯಿಂದ ಅಳೆದು ಬರೆದಿಡಬೇಕು. ನಾಲ್ಕನೆಯ ತುಂಡನ್ನು ಬರಿಯ ನೀರಿನಲ್ಲಿಟ್ಟು ಹೋಲಿಸುವುದನ್ನು ಮರೆಯಬಾರದು. ತುಂಡುಗಳನ್ನು ಆಮೇಲೆ ಸಾರಿಗೆ ಹಾಕಿ ಚೆನ್ನಾಗಿ ಕುದಿಸಿದರೆ ಯಾವುದೂ ನಷ್ಟವಾಗದು.

ಎರಡನೆಯ ಕಾರಣ, ರೋಗಾಣುಗಳೆಲ್ಲ ಹುಳಿಗೆ ಒಂದೇ ರೀತಿಯಲ್ಲಿ ಮಣಿಯುವುದಿಲ್ಲ. ಬೆಚ್ಚನೆಯ ಕಡಲತೀರದ ನೀರಿನಲ್ಲಿ ವಿಬ್ರಿಯೊ ಎಂಬ ಏಕಾಣುಜೀವಿಗಳು ಸಹಜವಾಗಿಯೇ ವಾಸಿಸುತ್ತವೆ. ಅವು ಸಮುದ್ರದ ಪ್ರಜೆಗಳು, ಕೊಳಕಿನಿಂದ ಬಂದವುಗಳೇ ಆಗಬೇಕೆಂದಿಲ್ಲ. ಇವುಗಳಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬುದನ್ನು ಜಪಾನಿನ ಫುಜಿನೊ ೧೯೫೦ರಲ್ಲಿ, ಒಸಾಕದ ಸುತ್ತಿನಲ್ಲಿ ೨೭೨ ಮಂದಿ ಕಾಯಿಲೆಬಿದ್ದು ೨೦ ಮಂದಿ ಸತ್ತಾಗ, ಕಂಡುಹಿಡಿದನು. ಸಾಮಾನ್ಯವಾಗಿ ಇದು ತರುವುದು ಕೆಲವು ದಿನಗಳ ಹೊಟ್ಟೆನೋವು ಮತ್ತು ಭೇದಿ. ವಿಬ್ರಿಯೊಗಳಿಗೆ ಹುಳಿಯಾಗದು, ಸೆವಿಚೆಯ ಮೇಲೆ ನಡೆದ ಪ್ರಯೋಗಗಳಲ್ಲಿ ನಿಂಬೆರಸವು ಅರ್ಧ ಗಂಟೆಯೊಳಗೆ ಅವುಗಳಲ್ಲಿ ಬಹುಪಾಲನ್ನು ಕೊಂದುದುಂಟು. ಆದರೆ ಸಾಲ್ಮೊನೆಲ್ಲ ಎಂಬ ಇನ್ನೊಂದು ಜಾತಿ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಅಲ್ಲದೆ, ಆಗ್ವಚಿಲೆಯು ಅರ್ಧ ಗಂಟೆ ಕಾಯುವ ತಿನಿಸೇ ಅಲ್ಲ. ಮೆಣಸಿನ ನೀರು ಬಿದ್ದ ಒಡನೆ ಮೇಜಿಗೆ ಬರುವುದರಲ್ಲಿಯೇ ಅದರ ಸೊಗಸು.

'ಬಹುಪಾಲು' ಎಂಬ ಮಾತನ್ನು ಲೆಕ್ಕಹಾಕಿ ನೋಡಬೇಕು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅನುಕೂಲವಾದ ಬಿಸುಪಿನಲ್ಲಿ ಸುಮಾರು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲುದು. ಹಿಡಿದ ಸೀಗಡಿ ಮಂಜುಗಡ್ಡೆಯಿಲ್ಲದೆ ಎರಡು ಗಂಟೆ ಬಿಸಿಲಿನಲ್ಲಿ ಉಳಿಯಿತೆನ್ನಿ. ಹತ್ತು ಸಲ ಇಮ್ಮಡಿಸಿ ಒಂದು ಸಾವಿರವಿದ್ದುದು ಹತ್ತು ಲಕ್ಷವಾಗುತ್ತದೆ. ನಿಂಬೆಯು ನೂರರಲ್ಲಿ ತೊಂಬತ್ತೊಂಬತ್ತನ್ನು ಕೊಂದರೂ ಉಳಿದವು ಹತ್ತು ಸಾವಿರ. ಎಂದರೆ ಮೊದಲಿಗಿಂತ ಹತ್ತುಮಡಿ ಹೆಚ್ಚು! ಆದ್ದರಿಂದ ಸೆವಿಚೆಯ ಯೋಗ್ಯತೆಯನ್ನು ನಿರ್ಣಯಿಸುವುದು ಅಡುಗೆಯವನ ಬಟ್ಟಲಿಗಿಂತ ಹೆಚ್ಚಾಗಿ ದೋಣಿಯ ಮಂಜುಗಡ್ಡೆಯೇ ಎನ್ನಬಹುದು. ಮರಿಸ್ಕೆರಿಯಗಳು ಹಗಲಿನಲ್ಲಿ ಮಾತ್ರ ನಡೆದು, ಸಂಜೆಗೆ ಮುನ್ನವೇ ಬಾಗಿಲು ಹಾಕುವ ಹಳೆಯ ವಾಡಿಕೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಇದು ಕಾಗದದ ಮೇಲಿನ ಭೀತಿಯಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ೨೦೦೩ರ ಸೆಪ್ಟೆಂಬರಿನಿಂದ ೨೦೦೪ರ ಅಕ್ಟೋಬರಿನವರೆಗೆ ಇದೇ ಸಿನಲೋವದ ದಕ್ಷಿಣ ಭಾಗದಲ್ಲಿ ೧,೨೦೦ಕ್ಕೂ ಹೆಚ್ಚು ಮಂದಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನಿಂದ ಕಾಯಿಲೆಬಿದ್ದರು. ಹಸಿಯಾಗಿಯೋ ಅರೆಬೆಂದೋ ತಿಂದ ಸೀಗಡಿಯೇ ಅದಕ್ಕೆ ಮೂಲವಾಗಿತ್ತು. ರೋಗಿಗಳಲ್ಲಿ ದೊರೆತ ತಳಿಯನ್ನು ಪರೀಕ್ಷಿಸಿದಾಗ ಅದು ಓ೩:ಕೆ೬ ಎಂಬ ಗುರುತಿನದೆಂದು ತಿಳಿಯಿತು. ಜಗತ್ತನ್ನೆಲ್ಲ ಸುತ್ತಿದ ಈ ತಳಿಯ ಏಳಿಗೆಯನ್ನು ವೈದ್ಯರು ಮೊದಲು ಗಮನಿಸಿದ್ದು ನಮ್ಮ ಕೋಲ್ಕತ್ತದಲ್ಲಿ, ೧೯೯೬ರಲ್ಲಿ. ಹಣ್ಣುಗಳಂತೆ ರೋಗಾಣುಗಳೂ ಸಾಗರಗಳನ್ನು ದಾಟುತ್ತವೆ.

ಸೆವಿಚೆಯ ಹೆಸರು ಇನ್ನೊಮ್ಮೆ ಲೋಕದ ವಾರ್ತೆಗಳಲ್ಲಿ ಬಂದದ್ದು ೧೯೯೧ರಲ್ಲಿ. ಆ ವರ್ಷದ ಜನವರಿಯಲ್ಲಿ, ಸುಮಾರು ಒಂದು ಶತಮಾನದ ಬಿಡುವಿನ ನಂತರ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಕಾಲರಾ ಕಾಣಿಸಿಕೊಂಡಿತು. ವರ್ಷ ಮುಗಿಯುವುದರೊಳಗೆ ಆ ದೇಶವೊಂದರಲ್ಲೇ ೩ ಲಕ್ಷಕ್ಕೂ ಮಿಕ್ಕಿ ಜನ ರೋಗಕ್ಕೆ ಗುರಿಯಾದರು. ಸುಮಾರು ೨,೯೦೦ ಮಂದಿ ಸತ್ತರು. ಜೂನ್ ತಿಂಗಳಿಗೆ ಅದು ಮೆಕ್ಸಿಕೊವನ್ನೂ ಮುಟ್ಟಿತ್ತು. ಹಸಿಮೀನು ತಿನ್ನಬೇಡಿರೆಂದು ಆರೋಗ್ಯಾಧಿಕಾರಿಗಳು ಎಚ್ಚರಿಸಿದರೆ, ಮೀನುಗಾರರ ಹೊಟ್ಟೆಪಾಡಿಗೆ ಮರುಗಿದ ಅಧ್ಯಕ್ಷ ಫುಜಿಮೋರಿ ಜನರೆದುರಿಗೆ ಸೆವಿಚೆಯನ್ನು ತಿಂದು ತೋರಿಸಿದನು. ತನಿಖೆ ನಡೆಸಿದವರಿಗೆ ಕಡೆಗೆ ಕಂಡ ಮುಖ್ಯ ಅಪರಾಧಿ ಮೀನಲ್ಲ, ಕುದಿಸದೆ ಕುಡಿದ ನಲ್ಲಿಯ ನೀರು. ಕಾಲರಾದ ವಿಬ್ರಿಯೊ ಹುಳಿಯೆದುರು ಬಹಳ ದುರ್ಬಲವಾದದ್ದೇ ಸರಿ. ನಿಂಬೆಗೆ ಸಲ್ಲಬೇಕಾದ ನ್ಯಾಯವನ್ನು ಇಲ್ಲಿ ಸಲ್ಲಿಸಬೇಕು.

ಹುಳುಗಳ ವಿಷಯದಲ್ಲಿ ಮಾತ್ರ ನಿಂಬೆಯ ಪರವಾಗಿ ಹೇಳತಕ್ಕದ್ದು ಏನೂ ಇಲ್ಲ. ಕೆರೆ, ಜಲಾಶಯ, ಅಳಿವೆಗಳ ಮೀನಿನ ಸ್ನಾಯುವಿನಲ್ಲಿ ನ್ಯಾತೊಸ್ಟೋಮ ಎಂಬ ಹುಳುವಿನ ಮರಿಗಳು ಅಡಗಿರುವುದುಂಟು. ಅಂಥ ಮೀನಿನ ಸೆವಿಚೆಯನ್ನು ತಿಂದವನ ಒಡಲಿನಲ್ಲಿ ಆ ಮರಿಯು ನೆಲೆಕಾಣದೆ ಚರ್ಮದ ಕೆಳಗೆ ಅಲೆಯುತ್ತ, ಇಂದು ಇಲ್ಲಿ ನಾಳೆ ಅಲ್ಲಿ ಬಾವು ಏಳಿಸುತ್ತದೆ. ಅಪರೂಪವಾಗಿ ಕಣ್ಣನ್ನೋ ಮಿದುಳನ್ನೋ ಹೊಕ್ಕು ತೀವ್ರ ಹಾನಿಯನ್ನುಂಟುಮಾಡುವುದೂ ಉಂಟು. ಮೆಕ್ಸಿಕೊದಲ್ಲಿ ಮೊದಲ ರೋಗಿಗಳ ವರದಿಯಾದದ್ದು ೧೯೭೦ರಲ್ಲಿ. ಆ ಬಳಿಕ ಸಿನಲೋವ, ನಯರೀತ್ ಮುಂತಾದ ರಾಜ್ಯಗಳಲ್ಲಿ ಇದು ವೈದ್ಯರಿಗೆ ಪರಿಚಿತವಾದ ವ್ಯಾಧಿ. ನಿಂಬೆರಸದಲ್ಲಿ ಈ ಮರಿಗಳು ಸೆವಿಚೆಯ ಹೊತ್ತನ್ನು ದಾಟಿ ಎಷ್ಟೋ ಕಾಲ ಬದುಕಿರುತ್ತವೆ. ಇವುಗಳಿಗೆ ಮದ್ದು ಶಾಖ, ಇಲ್ಲವೆ ಅದರ ವಿರುದ್ಧವಾದ ಶೈತ್ಯ. ಹಸಿಯಾಗಿ ತಿನ್ನುವ ಮೀನನ್ನು ಸೊನ್ನೆಗಿಂತ ೨೦° ಸೆಂಟಿಗ್ರೇಡು ಕೆಳಗೆ ಏಳು ದಿನ ಹೆಪ್ಪುಗಟ್ಟಿಸಿ ಇಡಬೇಕೆಂದು ಅಮೆರಿಕ ಸಂಯುಕ್ತ ಸಂಸ್ಥಾನದ ಆಹಾರ ಶಾಸನ ವಿಧಿಸುವುದು ಇಂಥ ಪರೋಪಜೀವಿಗಳ ಸಲುವಾಗಿಯೇ. ಆದರೆ ಏಕಾಣುಜೀವಿಗಳು ಶೈತ್ಯದಲ್ಲಿ ನಿದ್ರಿಸುತ್ತವೆಯೇ ಹೊರತು ಎಲ್ಲವೂ ಸಾಯುವುದಿಲ್ಲ.

ಬೆಂಕಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಸೋಲನ್ನೂ ಹೇಳುವುದು ಪ್ರಾಮಾಣಿಕತೆ. ಸಿಯೆರ್ರ, ಅಂಜಲ್, ಬಂಗುಡೆ ಇವೆಲ್ಲ ಒಂದೇ ಕುಟುಂಬದ ಮೀನುಗಳು. ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೊ ಆಮ್ಲ ಹೆಚ್ಚು. ಮೀನನ್ನು ತಂಪಾಗಿಡದಿದ್ದರೆ ಏಕಾಣುಜೀವಿಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಒಮ್ಮೆ ಉಂಟಾದ ಹಿಸ್ಟಮೀನನ್ನು ನಿಂಬೆಯೂ ಅಳಿಸಲಾರದು, ಕುದಿಯುವ ಸಾರೂ ಅಳಿಸಲಾರದು. ಇಲ್ಲಿ ಮತ್ತೆ ಮಂಜುಗಡ್ಡೆಯೇ ಗತಿ.

ಇಷ್ಟಾದರೂ ಒಂದೆರಡು ಆಕ್ಷೇಪಗಳು ಬರಬಹುದು. "ನಿಂಬೆಕಾಯಿಯ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲವಷ್ಟೆ? ಅದನ್ನು ಕಾಪಾಡುವುದು ಹುಳಿಯೇ ತಾನೆ?" ಎಂದು ಕೇಳುವವರುಂಟು. ಅಲ್ಲಿ ಹುಳಿಯ ಜೊತೆಗೆ ಉಪ್ಪೂ ಧಾರಾಳವಾಗಿದೆ. ಎರಡಕ್ಕೂ ಹೋಳಿನ ನಡುವನ್ನು ಮುಟ್ಟಲು ವಾರಗಳ ಅವಕಾಶವಿದೆ. ಸೆವಿಚೆಗೆ ದೊರೆಯುವುದು ನಿಮಿಷಗಳು. ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿ ಅಂಜಲ್ ತುಂಡುಗಳಿಗೆ ಉಪ್ಪು, ಅರಿಸಿನ, ಖಾರ, ನಿಂಬೆರಸಗಳನ್ನು ಹಚ್ಚಿಡುವುದುಂಟು, ತುಂಡುಗಳ ಮೇಲ್ಮೈ ಬೆಳ್ಳಗಾಗಿ ಬಿಗಿಯುವುದೂ ಉಂಟು. ಆದರೆ ಅಲ್ಲಿ ಕಾವಲಿ ಕಾಯುತ್ತಿರುತ್ತದೆ. ನಿಂಬೆಯ ಕೆಲಸ ರುಚಿಗೆ ಮುಗಿಯಿತು.

ಇನ್ನು ಖಾರವೂ ಬಿಯರೂ ರೋಗಾಣುಗಳನ್ನು ಕೊಲ್ಲುತ್ತವೆಂಬ ನಂಬಿಕೆ. ಮರಿಸ್ಕೆರಿಯದ ಮೇಜುಗಳಲ್ಲಿ ಇದು ಬಹಳ ಪ್ರಚಲಿತ. ಹಸಿ ಸಿಂಪಿಯ ಮಾಂಸಕ್ಕೆ ಖಾರದ ಸೀಸೆಯನ್ನು ಬಗ್ಗಿಸಿ ನುಂಗಿಬಿಡುವವರು ತಮ್ಮ ಧೈರ್ಯಕ್ಕೆ ಇದನ್ನೇ ಆಧಾರವಾಗಿ ಹೇಳುವರು. ಸಿ೦ಪಿಯು ನೀರನ್ನು ಸೋಸಿ ಆಹಾರ ಪಡೆಯುವ ಪ್ರಾಣಿ. ಆ ನೀರಿನಲ್ಲಿದ್ದ ವಿಬ್ರಿಯೊಗಳು ಅದರ ಒಡಲೊಳಗೆ ಸೇರಿಕೊಂಡಿರುತ್ತವೆ. ಮೇಲೆ ಚಿಮುಕಿಸಿದ ಖಾರ ಅಲ್ಲಿಗೆ ತಲಪುವುದೂ ಇಲ್ಲ, ತಲಪಿದರೂ ಪ್ರಯೋಜನವಿಲ್ಲ. ಬಿಯರಿನಲ್ಲಿರುವ ಮದ್ಯಸಾರ ನಾಲ್ಕೈದು ಶೇಕಡ. ಕೊಲ್ಲುವ ಮಾತು ದೂರ. ಯಕೃತ್ತಿನ ಕಾಯಿಲೆಯವರು, ಮಧುಮೇಹಿಗಳು, ದೇಹದ ರೋಗನಿರೋಧಶಕ್ತಿ ಕುಂದಿದವರು ಹಸಿ ಸಿಂಪಿಯ ಗೊಡವೆಗೇ ಹೋಗಕೂಡದು. ವಿಬ್ರಿಯೊ ವಲ್ನಿಫಿಕಸ್ ಎಂಬ ಜಾತಿಯು ಅಂಥವರ ರಕ್ತವನ್ನು ಹೊಕ್ಕರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುವುದು. ಗರ್ಭಿಣಿಯರೂ ಹಸಿ ಮೀನು, ಸಿಂಪಿಗಳನ್ನು ವರ್ಜಿಸಬೇಕು.

ಹಾಗಾದರೆ ನಮ್ಮ ಮುಂದಿರುವ ಭಕ್ಷ್ಯಪಟ್ಟಿಯನ್ನು ಏನು ಮಾಡೋಣ? ಹಸಿದು ಏಳಬೇಕಾದುದಿಲ್ಲ. ಪಟ್ಟಿಯನ್ನು ಬೆಂಕಿ ಮುಟ್ಟಿದವು, ನಿಂಬೆ ಮಾತ್ರ ಮುಟ್ಟಿದವು ಎಂದು ಎರಡಾಗಿ ಓದಿಕೊಂಡರೆ ಸಾಕು. ಅಷ್ಟಪದಿಯನ್ನು ಅಲ್ಲಿ ಮೆತ್ತಗಾಗಲೆಂದು ಮೊದಲೇ ಬೇಯಿಸಿರುತ್ತಾರೆ. ಎತ್ತರದ ಗಾಜಿನ ಲೋಟದಲ್ಲಿ ಟೊಮೆಟೊ ರಸ, ಬೆಣ್ಣೆಹಣ್ಣಿನ ಹೋಳುಗಳೊಡನೆ ಕೊಡುವ ಸೀಗಡಿಯ 'ಕಾಕ್‌ಟೇಲ್' ಸಾಮಾನ್ಯವಾಗಿ ಕುದಿಸಿದ ಸೀಗಡಿಯದು. ಅದೇ ಲೋಟದಲ್ಲಿ ಹಸಿ ಸಿಂಪಿಯನ್ನು ಸೇರಿಸುವ ಬಗೆಗಳೂ ಇರುವುದರಿಂದ ಕೇಳಿ ತಿಳಿಯುವುದು ಮೇಲು. ಸೀಗಡಿಯ ಸೆವಿಚೆಯನ್ನೂ ಅನೇಕರು ಸೀಗಡಿಯನ್ನು ಕುದಿನೀರಿನಲ್ಲಿ ಬೇಯಿಸಿಕೊಂಡೇ ಮಾಡುವರು. ಅದನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. 'ಕೊಸೀದೊ' ಎಂಬ ಒಂದೇ ಪದ ಸಾಕು. ಎಚ್ಚರವೆಂದರೆ, ನಿಂಬೆಯಲ್ಲಿ ನೆನೆದದ್ದಕ್ಕೂ ಅವರು ಅದೇ ಪದವನ್ನು ಬಳಸಿಯಾರು! ಆದುದರಿಂದ "ನೀರಿನಲ್ಲಿ ಬೆಂದದ್ದೋ, ನಿಂಬೆಯಲ್ಲಿ ಬೆಂದದ್ದೋ?" ಎಂದು ಬಿಡಿಸಿ ಕೇಳಬೇಕು.

ಇವೆಲ್ಲಕ್ಕಿಂತ ನಮಗೆ ಹಿಡಿಸುವುದು ನೆರೆಯ ನಯರೀತ್ ರಾಜ್ಯದಿಂದ ಹಬ್ಬಿದ 'ಸರಾಂದೆಯಾದೊ'. ಇಡಿಯ ಮೀನನ್ನು ಪುಸ್ತಕದಂತೆ ಅಗಲಿಸಿ, ಮೆಣಸಿನಕಾಯಿಯ ಮಸಾಲೆ ಸವರಿ, ಕಂಬಿಯ ಪಂಜರದಲ್ಲಿ ಹಿಡಿದು ಕೆಂಡದ ಮೇಲೆ ಸುಡುವರು. ಮಡಿಚಿದ ಮೀನಿಗಿಂತ ಅಗಲಿಸಿದ ಮೀನಿನ ದಪ್ಪ ಅರ್ಧ. ಅರ್ಧ ದಪ್ಪಕ್ಕೆ ಕಾಲು ಭಾಗದ ಹೊತ್ತು ಸಾಕೆಂಬ ಲೆಕ್ಕ ಕೆಂಡಕ್ಕೂ ಸಲ್ಲುತ್ತದೆ. ಹೊರಗೆ ಕರಿಕಾಗುವ ಮೊದಲೇ ನಡುಭಾಗ ಬೆಂದಿರುತ್ತದೆ. ಅದು ಹೊಗೆಯಾಡುತ್ತ ಮೇಜಿಗೆ ಬಂದಾಗ ಬಟ್ಟಲಿನ ನಿಂಬೆಯನ್ನು ನಾವು ಯಾವ ಸಂದೇಹವೂ ಇಲ್ಲದೆ ಅದರ ಮೇಲೆ ಹಿಂಡಬಹುದು.